ಮನೆಗೂ ಗ್ಯಾರೇಜಿಗೂ ನಡುವಣ ಗೋಡೆ

ಮನೆಯ ಒಳಗನ್ನೂ ಹೊರಗನ್ನೂ ಬೇರ್ಪಡಿಸುವುದೇ ಗೋಡೆಯ ಕೆಲಸವೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಬಿಸಿಲು, ಮಳೆ, ಗಾಳಿ, ಕಳ್ಳಕಾಕರು ಇವರಾರೂ ಒಳಗೆ ಬಾರದಂತೆ ತಡೆದರೆ ಗೋಡೆ ತನ್ನ ಕರ್ತವ್ಯವನ್ನು ಪೂರೈಸಿದಂತಾಯಿತು. ಆದರೆ ಮನೆಯ ಒಳಗೂ ಅಲ್ಲದ, ಪೂರ್ತಿ ಹೊರಗೂ ಅಲ್ಲದ ಒಂದು ಸ್ಥಳ ಮನೆಗೇ ಅಂಟಿಕೊಂಡಿದ್ದರೆ, ಆ ಸ್ಥಳಕ್ಕೂ ಮನೆಗೂ ನಡುವೆ ನಿಂತ ಗೋಡೆಯ ಹೊಣೆ ಎಷ್ಟು? ಈ ಪ್ರಶ್ನೆ ಮೊದಲ ನೋಟಕ್ಕೆ ಬಡಗಿಗಳಿಗೆ ಸೇರಿದ್ದೆಂದು ಕಾಣಬಹುದು. ಆದರೆ ಅದನ್ನು ಬಿಡಿಸಹೊರಟರೆ ಶಾಖಶಾಸ್ತ್ರ, ವಾಯುವಿನ ಒತ್ತಡ, ರಸಾಯನಶಾಸ್ತ್ರ, ಶರೀರಶಾಸ್ತ್ರಗಳೆಲ್ಲವೂ ಒಂದೇ ಗೋಡೆಯಲ್ಲಿ ಸೇರಿಕೊಂಡಿರುವುದನ್ನು ಕಾಣುತ್ತೇವೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ರಾಜ್ಯಗಳಲ್ಲಿಯೂ ಕೆನಡಾದಲ್ಲಿಯೂ ಚಳಿಗಾಲದ ರಾತ್ರಿ ಹೊರಗಿನ ಉಷ್ಣತೆ ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಅಪರೂಪವಲ್ಲ. ಅಲ್ಲಿ ಕಾರನ್ನು ಬಯಲಲ್ಲಿ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಅದು ಹಿಮದಲ್ಲಿ ಹೂತಿರುತ್ತದೆ. ಆದುದರಿಂದ ಆ ನಾಡಿನ ಅನೇಕ ಮನೆಗಳಿಗೆ ಕಾರಿನ ಕೊಠಡಿಯನ್ನು, ಎಂದರೆ ಗ್ಯಾರೇಜನ್ನು, ಮನೆಯ ಪಕ್ಕಕ್ಕೇ ಜೋಡಿಸಿ ಕಟ್ಟಿರುತ್ತಾರೆ. ಹಿಮದಲ್ಲಿ ಕಾಲಿಡದೆಯೇ ಕಾರಿನಿಂದಿಳಿದು, ನಡುವಣ ಒಂದು ಬಾಗಿಲಿನ ಮೂಲಕ ನೇರವಾಗಿ ಅಡಿಗೆಮನೆಗೋ ಬಟ್ಟೆ ಒಗೆಯುವ ಕೋಣೆಗೋ ಹೋಗಬಹುದು. ಅನುಕೂಲವೇನೋ ದೊಡ್ಡದೇ. ಆದರೆ ಒಂದೇ ಗೋಡೆಯ ಈಚೆಗೆ 20 ಡಿಗ್ರಿಯ ಬೆಚ್ಚನೆಯ ಮನೆ, ಅದರಲ್ಲಿ ಮಲಗಿ ನಿದ್ರಿಸುವ ಮಕ್ಕಳು. ಆಚೆಗೆ ಕೊರೆಯುವ ಚಳಿಯ ಕೊಠಡಿ, ಅದರಲ್ಲಿ ಪೆಟ್ರೋಲು ತುಂಬಿದ ಕಾರು, ಹುಲ್ಲು ಕತ್ತರಿಸುವ ಯಂತ್ರ, ಬಣ್ಣದ ಡಬ್ಬಿಗಳು. ಇಷ್ಟು ಭಿನ್ನವಾದ ಎರಡು ಲೋಕಗಳನ್ನು ಬೇರ್ಪಡಿಸುವ ಗೋಡೆ ಮನೆಯಲ್ಲಿ ಇನ್ನೊಂದಿಲ್ಲ.

ಈ ಗೋಡೆಯನ್ನು ಹೇಗೆ ಭದ್ರಪಡಿಸಬೇಕೆಂದು ಕೇಳಿದರೆ, “ಒಳಗೆ ಶಾಖನಿರೋಧಕ ಉಣ್ಣೆಯನ್ನು ತುಂಬಿದರಾಯಿತು” ಎಂದು ಹೆಚ್ಚಿನವರು ಉತ್ತರಿಸುತ್ತಾರೆ. ಈ ಉತ್ತರ ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ಗೋಡೆಯನ್ನು ದಾಟಲು ಹವಣಿಸುವವು ಮೂರು: ಶಾಖ, ಗಾಳಿ ಮತ್ತು ಬೆಂಕಿ. ಒಂದನ್ನು ತಡೆಯುವ ವಸ್ತು ಇನ್ನೊಂದನ್ನು ತಡೆಯಲಾರದು. ಈ ಮೂರನ್ನೂ ಒಂದೊಂದಾಗಿ ವಿಚಾರಿಸೋಣ.

ಗೋಡೆಯ ರಚನೆ

ನಮ್ಮಲ್ಲಿ ಗೋಡೆ ಎಂದೊಡನೆ ಇಟ್ಟಿಗೆ, ಕಲ್ಲು, ಗಾರೆಗಳು ಕಣ್ಣಮುಂದೆ ಬರುತ್ತವೆ. ಉತ್ತರ ಅಮೆರಿಕದ ಸಾಮಾನ್ಯ ಮನೆಯ ಗೋಡೆ ಬೇರೆ ಬಗೆಯದು. ಅದು ಪೊಳ್ಳು ಗೋಡೆ. ಒಂದೂವರೆ ಅಂಗುಲ ದಪ್ಪ, ಮೂರೂವರೆ ಅಂಗುಲ ಅಗಲವಿರುವ ಮರದ ನಿಲುಗಂಬಗಳನ್ನು 16 ಅಂಗುಲಗಳಿಗೆ ಒಂದರಂತೆ ಸಾಲಾಗಿ ನಿಲ್ಲಿಸಿ, ಅವುಗಳ ಅಡಿಗೂ ಮುಡಿಗೂ ಅಡ್ಡಪಟ್ಟಿಗಳನ್ನು ಬಡಿದು ಒಂದು ಚೌಕಟ್ಟನ್ನು ಮಾಡುತ್ತಾರೆ. ಚೌಕಟ್ಟಿನ ಎರಡು ಮುಖಗಳಿಗೂ ಅರ್ಧ ಅಂಗುಲ ದಪ್ಪದ ಜಿಪ್ಸಮ್ ಹಲಗೆಗಳನ್ನು ಹೊಡೆಯುತ್ತಾರೆ. ಕಂಬದಿಂದ ಕಂಬಕ್ಕೆ ನಡುವೆ ಮೂರೂವರೆ ಅಂಗುಲ ಆಳದ ಪೊಳ್ಳು ಉಳಿಯುತ್ತದೆ. ಇದೇ ನಮ್ಮ ವಿಚಾರದ ರಂಗಸ್ಥಳ.

ಶಾಖದ ದಾರಿ

ಶಾಖವು ಯಾವಾಗಲೂ ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುತ್ತದೆ. ವಹನ, ಸಂವಹನ, ವಿಕಿರಣ ಎಂಬ ಮೂರು ದಾರಿಗಳನ್ನು ಶಾಲೆಯಲ್ಲಿಯೇ ಓದಿರುತ್ತೇವೆ. ಘನವಸ್ತುವಿನಲ್ಲಿ ಕಣದಿಂದ ಕಣಕ್ಕೆ ಶಾಖ ದಾಟುವುದು ವಹನ. ಗಾಳಿಯೋ ನೀರೋ ತಾನೇ ಚಲಿಸಿ ಶಾಖವನ್ನು ಹೊತ್ತೊಯ್ಯುವುದು ಸಂವಹನ. ನಡುವೆ ಯಾವ ವಸ್ತುವಿನ ನೆರವೂ ಇಲ್ಲದೆ ಕಿರಣಗಳ ರೂಪದಲ್ಲಿ ಸಾಗುವುದು ವಿಕಿರಣ. ಪೊಳ್ಳು ಗೋಡೆಯಲ್ಲಿ ಮೂರೂ ನಡೆಯುತ್ತವೆ. ಮನೆಯ ಕಡೆಯ ಹಲಗೆಗೆ ತಗಲಿದ ಗಾಳಿ ಬೆಚ್ಚಗಾಗಿ ಮೇಲೇರುತ್ತದೆ. ಗ್ಯಾರೇಜಿನ ಕಡೆಯ ಹಲಗೆಗೆ ತಗಲಿದ ಗಾಳಿ ತಣ್ಣಗಾಗಿ ಕೆಳಗಿಳಿಯುತ್ತದೆ. ಹೀಗೆ ಪೊಳ್ಳಿನಲ್ಲಿ ಗಾಳಿ ರಾಟೆಯಂತೆ ಸುತ್ತುತ್ತಾ ಮನೆಯ ಶಾಖವನ್ನು ಆಚೆಗೆ ಸಾಗಿಸುತ್ತಲೇ ಇರುತ್ತದೆ. ಇದರ ಜೊತೆಗೆ ಬೆಚ್ಚನೆಯ ಹಲಗೆಯು ತಣ್ಣನೆಯ ಹಲಗೆಯ ಕಡೆಗೆ ವಿಕಿರಣವನ್ನೂ ಬೀರುತ್ತದೆ.

ಇಲ್ಲಿ ಒಂದು ವಿನೋದವಿದೆ. ನಿಶ್ಚಲವಾದ ಗಾಳಿ ಶಾಖಕ್ಕೆ ಬಹಳ ಕೆಟ್ಟ ವಾಹಕ. ಪದಾರ್ಥಗಳ ಶಾಖವಾಹಕತೆಯನ್ನು ಮೀಟರಿಗೆ, ಡಿಗ್ರಿಗೆ ಇಷ್ಟು ವಾಟ್ ಎಂದು ಅಳೆದರೆ ತಾಮ್ರಕ್ಕೆ ಸುಮಾರು 400, ಗಾಜಿಗೆ ಸುಮಾರು 1, ಪೈನ್ ಮರಕ್ಕೆ ಸುಮಾರು 0.12, ನಿಶ್ಚಲವಾದ ಗಾಳಿಗೆ ಕೇವಲ 0.025. ಗಾಳಿಯು ಶಾಖವನ್ನು ಸಾಗಿಸುವುದು ತಾನು ಓಡಾಡುವುದರಿಂದಲೇ. ಅದರ ಓಡಾಟವನ್ನು ನಿಲ್ಲಿಸಿಬಿಟ್ಟರೆ ಅದಕ್ಕಿಂತ ಅಗ್ಗದ ಶಾಖನಿರೋಧಕ ದೊರೆಯದು. ಕುರುಬರ ಕಂಬಳಿ ಬೆಚ್ಚಗಿರುವುದು ಇದೇ ಕಾರಣದಿಂದ: ಉಣ್ಣೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಅಲುಗಾಡಲಾರದು. ಕಂಬಳಿ ಶಾಖವನ್ನು ಹುಟ್ಟಿಸುವುದಿಲ್ಲ. ಮೈಯ ಶಾಖ ಓಡಿಹೋಗದಂತೆ ಕಾಯುತ್ತದೆ.

ಗೋಡೆಗೆ ಹೊದಿಸುವ ಕಂಬಳಿಯೇ ಗಾಜಿನ ಉಣ್ಣೆ. ಗಾಜನ್ನು ಕೂದಲಿಗಿಂತ ಸಣ್ಣ ಎಳೆಗಳಾಗಿ ಮಾಡಿ ಹತ್ತಿಯಂತೆ ಮೆತ್ತನೆಯ ಹಾಸುಗಳನ್ನಾಗಿ ತಯಾರಿಸುವ ವಿಧಾನ 1930ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆಯಿತು. 1932ರಲ್ಲಿ ಡೇಲ್ ಕ್ಲೈಸ್ಟ್ ಎಂಬ ತರುಣ ಸಂಶೋಧಕನು ಗಾಜಿನ ಇಟ್ಟಿಗೆಗಳನ್ನು ಬೆಸೆಯುವ ಪ್ರಯತ್ನದಲ್ಲಿದ್ದಾಗ, ಒತ್ತಡದ ಗಾಳಿಯ ಧಾರೆ ಕರಗಿದ ಗಾಜಿಗೆ ತಗಲಿ ಅದು ನವಿರಾದ ಎಳೆಗಳಾಗಿ ಚಿಮ್ಮಿತು. ಗೇಮ್ಸ್ ಸ್ಲೇಟರ್ ಎಂಬ ಎಂಜಿನಿಯರನು ಈ ಆಕಸ್ಮಿಕವನ್ನು ಒಂದು ಕೈಗಾರಿಕೆಯನ್ನಾಗಿ ಬೆಳೆಸಿದನು. 1938ರಲ್ಲಿ ಈ ಎಳೆಗಳನ್ನೇ ತಯಾರಿಸುವುದಕ್ಕಾಗಿ ಓವೆನ್ಸ್-ಕಾರ್ನಿಂಗ್ ಸಂಸ್ಥೆ ಹುಟ್ಟಿತು. ಗಾಜಿನ ಉಣ್ಣೆಯ ವಾಹಕತೆ ಸುಮಾರು 0.04. ಎಂದರೆ ನಿಶ್ಚಲ ಗಾಳಿಗಿಂತ ಸ್ವಲ್ಪವೇ ಹೆಚ್ಚು. ಗಾಜಿಗಿಂತ ಬಹಳ ಕಡಿಮೆ. ಕೆಲಸ ಮಾಡುತ್ತಿರುವುದು ಗಾಜಲ್ಲ, ಅದರ ಸೆರೆಯಲ್ಲಿರುವ ಗಾಳಿ ಎಂಬುದಕ್ಕೆ ಇಷ್ಟೇ ಸಾಕ್ಷಿ ಸಾಕು. ಈ ಕಾರಣದಿಂದಲೇ ಉಣ್ಣೆಯ ಹಾಸನ್ನು ಪೊಳ್ಳಿನಲ್ಲಿ ತುರುಕಿ ಅದುಮಬಾರದು. ಅದುಮಿದ ಹಾಸು ತೆಳ್ಳಗಾಗುತ್ತದೆ. ತೆಳ್ಳಗಾದಷ್ಟೂ ತಡೆ ಕುಗ್ಗುತ್ತದೆ.

ಒಂದು ಲೆಕ್ಕ

ಶಾಖದ ಹರಿವಿಗೆ ಗೋಡೆ ಒಡ್ಡುವ ಅಡ್ಡಿಗೆ ಶಾಖರೋಧವೆಂದು ಹೆಸರು. ಅಮೆರಿಕದ ಅಂಗಡಿಗಳಲ್ಲಿ ಇದನ್ನು ಆರ್ ಎಂಬ ಅಕ್ಷರದಿಂದ ಗುರುತಿಸಿ ಮಾರುತ್ತಾರೆ. ಮೂರೂವರೆ ಅಂಗುಲದ ಹಾಸಿನ ಮೇಲೆ “ಆರ್-13” ಎಂದು ಅಚ್ಚಾಗಿರುವುದುಂಟು. ಅದು ಅಲ್ಲಿನ ಹಳೆಯ ಅಳತೆಯ ಸಂಖ್ಯೆ. ಅದನ್ನು 5.68ರಿಂದ ಭಾಗಿಸಿದರೆ ನಮಗೆ ಪರಿಚಿತವಾದ ಮೆಟ್ರಿಕ್ ಅಳತೆಯಲ್ಲಿ 2.29 ಬರುತ್ತದೆ.

ಈಗ 15 ಚದರ ಮೀಟರ್ ವಿಸ್ತಾರದ ಒಂದು ಗೋಡೆಯನ್ನು ತೆಗೆದುಕೊಳ್ಳೋಣ. ಮನೆಯಲ್ಲಿ 20 ಡಿಗ್ರಿ, ಗ್ಯಾರೇಜಿನಲ್ಲಿ ಸೊನ್ನೆಗೆ 5 ಡಿಗ್ರಿ ಕೆಳಗೆ ಇರಲಿ. ಅಂತರ 25 ಡಿಗ್ರಿ. ವಿಸ್ತಾರವನ್ನು ಉಷ್ಣತೆಯ ಅಂತರದಿಂದ ಗುಣಿಸಿ ರೋಧದಿಂದ ಭಾಗಿಸಿದರೆ ಸೋರುವ ಶಾಖ ವಾಟುಗಳಲ್ಲಿ ದೊರೆಯುತ್ತದೆ. ಎರಡು ಜಿಪ್ಸಮ್ ಹಲಗೆಗಳ ರೋಧ ಒಂದೊಂದಕ್ಕೆ 0.08, ಗೋಡೆಯ ಎರಡು ಮೈಗಳಿಗೂ ಅಂಟಿಕೊಂಡಿರುವ ಗಾಳಿಯ ಪದರದ ರೋಧ ಒಂದೊಂದಕ್ಕೆ 0.12, ಖಾಲಿ ಪೊಳ್ಳಿನ ರೋಧ ಸುಮಾರು 0.17. ಒಟ್ಟು 0.57. ಪೊಳ್ಳಿನಲ್ಲಿ ಉಣ್ಣೆಯನ್ನು ತುಂಬಿದರೆ 0.17ರ ಸ್ಥಾನದಲ್ಲಿ 2.29 ಬಂದು ಮೊತ್ತ 2.69 ಆಗುತ್ತದೆ. ಸೋರಿಕೆ ಸುಮಾರು ಐದನೆಯ ಒಂದು ಭಾಗಕ್ಕೆ ಇಳಿಯಬೇಕು.

ಆದರೆ ಗೋಡೆಯೆಲ್ಲ ಪೊಳ್ಳಲ್ಲ. ನಿಲುಗಂಬಗಳು, ಅಡ್ಡಪಟ್ಟಿಗಳು, ಬಾಗಿಲಿನ ಸುತ್ತಣ ಹೆಚ್ಚಿನ ಮರ ಇವೆಲ್ಲ ಸೇರಿ ಗೋಡೆಯ ಕಾಲುಭಾಗದಷ್ಟನ್ನು ಆಕ್ರಮಿಸುತ್ತವೆ. ಮರವಿರುವೆಡೆ ಒಟ್ಟು ರೋಧ 1.14 ಮಾತ್ರ. ಅಲ್ಲಿ ಉಣ್ಣೆಗೆ ಎಡೆಯೇ ಇಲ್ಲ. ಎರಡನ್ನೂ ಕೂಡಿಸಿ ಲೆಕ್ಕಹಾಕಿದರೆ, ಉಣ್ಣೆಯಿಲ್ಲದ ಗೋಡೆಯಿಂದ ಸೋರುವುದು ಸುಮಾರು 575 ವಾಟ್. ಉಣ್ಣೆ ತುಂಬಿದ ಗೋಡೆಯಿಂದ ಸುಮಾರು 187 ವಾಟ್. ದಿನಕ್ಕೆ ಒಂಬತ್ತು ಯೂನಿಟ್ಟುಗಳಿಗಿಂತ ಹೆಚ್ಚು ಶಾಖ ಉಳಿಯಿತು. ಉಳಿತಾಯ ಗಣನೀಯವೇ, ಆದರೂ ಅದು ಐದು ಪಟ್ಟಲ್ಲ, ಮೂರು ಪಟ್ಟು. ಉಣ್ಣೆ ತುಂಬಿದ ಮೇಲೆ, ಗೋಡೆಯ ಕಾಲುಭಾಗವಾದ ಮರದ ಮೂಲಕವೇ ಸೋರಿಕೆಯ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಹೋಗುತ್ತದೆ. ಇಂತಹ ಕಡೆಗಳನ್ನು ಎಂಜಿನಿಯರುಗಳು ಶಾಖಸೇತುವೆಗಳೆಂದು ಕರೆಯುತ್ತಾರೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡುವುದು ಒಳಿತು. ಒಂದು ಕೊಡದ ಬಿರುಕನ್ನು ಮುಚ್ಚಿದ ಮೇಲೆಯೇ ಉಳಿದ ತೂತುಗಳು ಎದ್ದು ಕಾಣುತ್ತವೆಂಬ ತತ್ವ ಅದರಿಂದ ಮನದಟ್ಟಾಗುತ್ತದೆ.

ತೇವದ ಕಾಟ

ಶಾಖದ ಜೊತೆಯಲ್ಲಿಯೇ ನೀರಿನ ಆವಿಯೂ ಗೋಡೆಯನ್ನು ಹೊಗುತ್ತದೆ. ಅಡಿಗೆ, ಸ್ನಾನ, ಉಸಿರಾಟ ಇವುಗಳಿಂದ ಮನೆಯ ಗಾಳಿಯಲ್ಲಿ ಆವಿ ಸೇರಿರುತ್ತದೆ. 20 ಡಿಗ್ರಿಯ ಗಾಳಿಯಲ್ಲಿ ಸಾಪೇಕ್ಷ ಆರ್ದ್ರತೆ ನೂರಕ್ಕೆ 40 ಇದ್ದರೆ, ಆ ಗಾಳಿ 6 ಡಿಗ್ರಿಗೆ ತಣಿದೊಡನೆ ಅದರಲ್ಲಿಯ ಆವಿ ಹನಿಗೂಡತೊಡಗುತ್ತದೆ. ಇದೇ ಅದರ ಇಬ್ಬನಿ ಬಿಂದು. ಮನೆಯ ಕಡೆ 20, ಗ್ಯಾರೇಜಿನ ಕಡೆ ಸೊನ್ನೆಗಿಂತ ಕೆಳಗೆ ಇರುವ ಗೋಡೆಯ ಒಡಲಲ್ಲಿ 6 ಡಿಗ್ರಿಯ ಸ್ಥಾನ ಎಲ್ಲೋ ಒಂದೆಡೆ ಇರಲೇಬೇಕು. ಆವಿ ಅಲ್ಲಿಯವರೆಗೆ ತಲುಪಿದರೆ ಉಣ್ಣೆ ಒದ್ದೆಯಾಗುತ್ತದೆ, ಮರ ಕೊಳೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಆದಕಾರಣ ಶೀತದೇಶಗಳಲ್ಲಿ ಆವಿಯನ್ನು ತಡೆಯುವ ಪಾಲಿಥೀನ್ ಹಾಳೆಯನ್ನೋ ಡಾಂಬರು ಬಳಿದ ಕಾಗದವನ್ನೋ ಉಣ್ಣೆಯ ಬೆಚ್ಚನೆಯ ಮುಖಕ್ಕೆ, ಎಂದರೆ ಮನೆಯ ಕಡೆಗೆ, ಹೊದಿಸುತ್ತಾರೆ. ಫ್ಲಾರಿಡಾದಂತಹ ಸೆಕೆಯ ರಾಜ್ಯದಲ್ಲಿ ಆವಿ ಹೊರಗಿನಿಂದ ತಂಪಾದ ಮನೆಯ ಕಡೆಗೆ ಬರುತ್ತದಾದುದರಿಂದ, ಅದೇ ಹಾಳೆಯನ್ನು ಅದೇ ಮುಖಕ್ಕೆ ಹೊದಿಸಿದರೆ ಗೋಡೆ ಕೆಡುತ್ತದೆ. ಒಂದು ನಾಡಿನ ಮದ್ದು ಇನ್ನೊಂದು ನಾಡಿಗೆ ವಿಷವಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ಕಣ್ಣಿಗೆ ಕಾಣದ ಅತಿಥಿ

ಈಗ ಗಾಳಿಯ ವಿಚಾರಕ್ಕೆ ಬರೋಣ. ಗಾಜಿನ ಉಣ್ಣೆ ಪೊಳ್ಳಿನೊಳಗಿನ ಗಾಳಿಯನ್ನು ಸುತ್ತದಂತೆ ಹಿಡಿಯುತ್ತದೆಂದು ಹೇಳಿದೆವು. ಆದರೆ ಗೋಡೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒತ್ತಡದಿಂದ ನುಗ್ಗುವ ಗಾಳಿಯನ್ನು ಅದು ತಡೆಯಲಾರದು. ಹಳೆಯ ಮನೆಗಳ ಗೋಡೆ ಬಿಚ್ಚಿದಾಗ ಬಿರುಕುಗಳ ಎದುರಿಗಿದ್ದ ಉಣ್ಣೆ ಕಪ್ಪಾಗಿರುವುದನ್ನು ಕೆಲಸಗಾರರು ಕಾಣುತ್ತಾರೆ. ವರ್ಷಗಟ್ಟಲೆ ಗಾಳಿ ಅದರ ಮೂಲಕ ಹಾದುಹೋಗಿ ಧೂಳನ್ನು ಬಿಟ್ಟುಹೋದ ಗುರುತು ಅದು. ಉಣ್ಣೆ ಧೂಳನ್ನು ಸೋಸಿತು; ಗಾಳಿಯನ್ನು ಬಿಟ್ಟುಕೊಟ್ಟಿತು.

ಗ್ಯಾರೇಜಿನ ಗಾಳಿ ಮನೆಯ ಕಡೆಗೇ ಏಕೆ ಬರಬೇಕು? ಚಳಿಗಾಲದಲ್ಲಿ ಮನೆ ಒಂದು ಹೊಗೆಗೂಡಿನಂತೆ ವರ್ತಿಸುತ್ತದೆ. ಒಳಗಿನ ಬೆಚ್ಚನೆಯ ಗಾಳಿ ಹಗುರ. ಅದು ಮೇಲೇರಿ ಮಾಳಿಗೆಯ ಸಂದುಗಳಿಂದ ಹೊರಬೀಳುತ್ತದೆ. ಅದರ ಜಾಗವನ್ನು ತುಂಬಲು ಕೆಳಗಿನ ಸಂದುಗಳಿಂದ ಹೊಸ ಗಾಳಿ ಒಳನುಗ್ಗುತ್ತದೆ. ಐದು ಮೀಟರ್ ಎತ್ತರದ ಮನೆಯಲ್ಲಿ 20 ಡಿಗ್ರಿ, ಹೊರಗೆ ಸೊನ್ನೆಗೆ 15 ಡಿಗ್ರಿ ಕೆಳಗೆ ಇದ್ದಾಗ ನೆಲದ ಮಟ್ಟದಲ್ಲಿ ಈ ಸೆಳೆತ ಸುಮಾರು 4 ಪಾಸ್ಕಲ್. ಅರ್ಧ ಮಿಲಿಮೀಟರ್ ಎತ್ತರದ ನೀರಿನ ಒತ್ತಡಕ್ಕಿಂತಲೂ ಕಡಿಮೆ. ಅಲ್ಪವೆಂದು ತೋರಿದರೂ ಅದು ಹಗಲಿರುಳೂ ನಿಲ್ಲದೆ ಸೆಳೆಯುತ್ತಿರುತ್ತದೆ. ಅಡಿಗೆಮನೆಯ ಹೊಗೆ ಹೊರದೂಡುವ ಫ್ಯಾನು, ಬಟ್ಟೆ ಒಣಗಿಸುವ ಯಂತ್ರ ಇವು ಮನೆಯ ಗಾಳಿಯನ್ನು ಹೊರಕ್ಕೆ ಎಸೆದು ಸೆಳೆತವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಗ್ಯಾರೇಜಿನ ಗೋಡೆ ನೆಲಮಟ್ಟದಲ್ಲಿಯೇ ಇರುವುದರಿಂದ, ಅದರಲ್ಲಿ ಬಿರುಕಿದ್ದರೆ ಮನೆ ಉಸಿರಾಡುವುದು ಗ್ಯಾರೇಜಿನ ಮೂಲಕವೇ.

ಆ ಉಸಿರಿನಲ್ಲಿ ಏನಿದೆ? ಪೆಟ್ರೋಲು ಪೂರ್ತಿಯಾಗಿ ಉರಿಯದಿದ್ದಾಗ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮ್ಮ ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಈ ಅನಿಲವನ್ನು 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ಈ ಬಂಧವನ್ನು 1857ರಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲೋದ್ ಬೆರ್ನಾರ್ ವಿವರಿಸಿದನು. 1890ರ ದಶಕದಲ್ಲಿ ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಈ ವಿಷವನ್ನು ತಾನೇ ಉಸಿರಾಡಿ ಅದರ ಪರಿಣಾಮಗಳನ್ನು ಗುರುತಿಸಿಕೊಂಡನು. ಗಣಿಗಳಲ್ಲಿ ಮನುಷ್ಯರಿಗಿಂತ ಮೊದಲೇ ವಿಷಕ್ಕೆ ಬಲಿಯಾಗಿ ಎಚ್ಚರಿಕೆ ಕೊಡುವ ಸಣ್ಣ ಪ್ರಾಣಿಗಳನ್ನು ಒಯ್ಯಬೇಕೆಂದು ಸೂಚಿಸಿದನು. ಗಣಿಗಾರರ ಕ್ಯಾನರಿ ಹಕ್ಕಿಯ ಕಥೆಗೆ ಇದೇ ಮೂಲ. ವಿಷವೇರಿದವನಿಗೆ ಮೊದಲು ತಲೆನೋವು, ಮಂಪರು, ವಾಕರಿಕೆ. ಚಳಿಗಾಲದ ನೆಗಡಿಜ್ವರವೆಂದು ಮಲಗಿದವನು ಏಳದೆಯೇ ಹೋಗಬಹುದು. ಅಮೆರಿಕದಲ್ಲಿ, ಬೆಂಕಿಯ ಅನಾಹುತಗಳಿಗೆ ಸಂಬಂಧಿಸದ ಆಕಸ್ಮಿಕ ಮಾನಾಕ್ಸೈಡ್ ವಿಷದಿಂದ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಸಾಯುತ್ತಾರೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಅಂದಾಜು. ಕುಲುಮೆ, ಜನರೇಟರು ಮುಂತಾದವುಗಳಿಂದ ಆದ ಸಾವುಗಳೂ ಇದರಲ್ಲಿ ಸೇರಿವೆ. ಗ್ಯಾರೇಜಿನಲ್ಲಿ ಓಡುತ್ತಿದ್ದ ಕಾರುಗಳದೂ ಒಂದು ಪಾಲುಂಟು. ಬೀಗದ ಕೈ ತಿರುವದೆ ಗುಂಡಿಯೊತ್ತಿ ನಡೆಸುವ ಕಾರುಗಳಲ್ಲಿ, ಎಂಜಿನ್ ನಿಲ್ಲಿಸಲು ಮರೆತು ಮನೆಯೊಳಗೆ ಹೋಗಿ ಮಲಗಿದವರು ಪ್ರಾಣ ಕಳೆದುಕೊಂಡ ಪ್ರಕರಣಗಳು ವರದಿಯಾಗಿವೆ.

ಈಗಿನ ಕಾರುಗಳ ಹೊಗೆಕೊಳವೆಯಲ್ಲಿ ಮಾನಾಕ್ಸೈಡನ್ನು ನಿರಪಾಯಕರವಾಗಿಸುವ ವೇಗವರ್ಧಕ ಪರಿವರ್ತಕವಿದೆಯಲ್ಲವೆ ಎಂದು ವಾಚಕರು ಕೇಳಬಹುದು. ಇದೆ, ಆದರೆ ಅದು ಚೆನ್ನಾಗಿ ಕಾಯ್ದ ಮೇಲೆಯೇ ತನ್ನ ಕೆಲಸವನ್ನು ಆರಂಭಿಸುತ್ತದೆ. ಚಳಿಗಾಲದ ಬೆಳಗಿನಲ್ಲಿ ಎಂಜಿನ್ ಹೊತ್ತಿಕೊಂಡ ಮೊದಲ ನಿಮಿಷಗಳಲ್ಲಿ, ಎಂದರೆ ಕಾರು ಇನ್ನೂ ಗ್ಯಾರೇಜಿನಲ್ಲಿಯೇ ಇರುವಾಗ, ಅದು ತಣ್ಣಗಿರುತ್ತದೆ. ಅಯೋವಾ ರಾಜ್ಯ ವಿಶ್ವವಿದ್ಯಾನಿಲಯದವರು ಪರೀಕ್ಷಿಸಿದಾಗ, ಗ್ಯಾರೇಜಿನ ದೊಡ್ಡ ಬಾಗಿಲು ತೆರೆದಿದ್ದರೂ ಕಾರನ್ನು ಎರಡೇ ನಿಮಿಷ ಓಡಿಸಿದ್ದರಿಂದ ಒಳಗಿನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 500 ಭಾಗ ಮಾನಾಕ್ಸೈಡ್ ಸೇರಿತು. ಕಾರು ಹೊರಗೆ ಹೋಗಿ ಹತ್ತು ಗಂಟೆಗಳಾದ ಮೇಲೂ ಅಳತೆಗೆ ಸಿಗುವಷ್ಟು ಅನಿಲ ಅಲ್ಲಿ ಉಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 24 ಗಂಟೆಗಳ ಸರಾಸರಿಗೆ ಸೂಚಿಸಿದ ಮಿತಿ ಘನಮೀಟರಿಗೆ 4 ಮಿಲಿಗ್ರಾಂ. ಇದು ಹತ್ತು ಲಕ್ಷಕ್ಕೆ ಮೂರೂವರೆ ಭಾಗ ಮಾತ್ರ.

ಮಾನಾಕ್ಸೈಡ್ ಒಂದೇ ಅಲ್ಲ. ಪೆಟ್ರೋಲಿನಿಂದ ಬೆನ್ಜೀನ್ ಆವಿಯಾಗಿ ಹೊರಡುತ್ತದೆ. ಅದು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುವೆಂದು ಸಿದ್ಧವಾಗಿದೆ. ಮನೆಯೊಳಗಿನ ಬೆನ್ಜೀನಿಗೆ ಜೋಡಿಸಿದ ಗ್ಯಾರೇಜು ಒಂದು ಮುಖ್ಯ ಮೂಲವೆಂದು ಕೆನಡಾದ ಆರೋಗ್ಯ ಇಲಾಖೆ ಎಚ್ಚರಿಸಿದೆ. ಇದಕ್ಕೆ ಎಂಜಿನ್ ಓಡುತ್ತಿರಬೇಕೆಂಬ ನಿಯಮವೂ ಇಲ್ಲ. ಪೆಟ್ರೋಲಿನ ಡಬ್ಬಿಯೊಂದು ಮೂಲೆಯಲ್ಲಿದ್ದರೆ ಸಾಕು.

ಸಂದುಗಳನ್ನು ಹುಡುಕುವ ಬಗೆ

ಹೀಗಿರುವಲ್ಲಿ ಗೋಡೆಯ ಒಂದೊಂದು ಸಂದನ್ನೂ ಹುಡುಕಿ ಮುಚ್ಚುವುದು ಉಣ್ಣೆ ತುಂಬುವುದಕ್ಕಿಂತ ಮೊದಲಿನ ಕೆಲಸ. ಗೋಡೆಯ ಅಡಿಪಟ್ಟಿ ಕಾಂಕ್ರೀಟು ನೆಲವನ್ನು ಮುಟ್ಟುವ ಗೆರೆ, ವಿದ್ಯುತ್ ಸ್ವಿಚ್ಚುಗಳ ಪೆಟ್ಟಿಗೆಗಳು, ತಂತಿ ಮತ್ತು ಕೊಳವೆಗಳು ದಾಟುವ ರಂಧ್ರಗಳು, ಹಲಗೆಗಳ ಕೂಡುಗೆರೆಗಳು ಇವೆಲ್ಲವೂ ಸೋರುವ ಜಾಗಗಳು. ಗ್ಯಾರೇಜಿನ ಮೇಲೆ ಮಲಗುವ ಕೋಣೆಯಿದ್ದರೆ ಅಪಾಯ ಹೆಚ್ಚು. ಆಗ ಮಹಡಿಯ ನೆಲವನ್ನು ಹೊತ್ತ ತೊಲೆಗಳು ಗ್ಯಾರೇಜಿನ ಮೇಲಿನಿಂದ ಮನೆಯ ಮೇಲಿನವರೆಗೂ ಹರಡಿದ್ದು, ಎರಡು ತೊಲೆಗಳ ನಡುವಣ ಪೊಳ್ಳು ಕಾಲುವೆಯಂತೆ ಗೋಡೆಯ ತಲೆಯ ಮೇಲಿಂದ ಹಾದುಹೋಗುತ್ತದೆ. ಗೋಡೆ ಎಷ್ಟೇ ಭದ್ರವಾಗಿದ್ದರೂ ಗಾಳಿ ಅದನ್ನು ಹಾರಿಕೊಂಡೇ ಬರುತ್ತದೆ. ಅಂತಹ ಒಂದೊಂದು ಪೊಳ್ಳಿಗೂ ಗೋಡೆಯ ನೇರದಲ್ಲಿ ಗಟ್ಟಿಯಾದ ಹಲಗೆಯ ತುಂಡನ್ನು ಕೂಡಿಸಿ, ಅದರ ಅಂಚುಗಳನ್ನು ಅಂಟಿನಿಂದ ಮುಚ್ಚಬೇಕು. ಮನೆಯನ್ನು ಬೆಚ್ಚಗಿಡುವ ಗಾಳಿಕೊಳವೆಗಳು ಗ್ಯಾರೇಜಿನಲ್ಲಿ ಬಾಯಿ ತೆರೆಯಬಾರದು. ನಡುವಣ ಬಾಗಿಲಿನ ಸುತ್ತ ರಬ್ಬರಿನ ಪಟ್ಟಿ, ಅಡಿಯಲ್ಲಿ ತಡೆ ಇರಬೇಕು. ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂತಿರಬೇಕು. ಕೆನಡಾದ ರಾಷ್ಟ್ರೀಯ ಕಟ್ಟಡ ಸಂಹಿತೆ ಈ ಗೋಡೆ ಅನಿಲಕ್ಕೂ ಎಂಜಿನ್ನಿನ ಹೊಗೆಗೂ ಪರಿಣಾಮಕಾರಿಯಾದ ತಡೆಯಾಗಿರಬೇಕೆಂದು ವಿಧಿಸುತ್ತದೆ.

ಇಷ್ಟಾದ ಮೇಲೂ ಮಲಗುವ ಕೋಣೆಗಳ ಬಳಿ ಮಾನಾಕ್ಸೈಡನ್ನು ಕಂಡುಹಿಡಿದು ಕೂಗುವ ಗಂಟೆಯೊಂದನ್ನು ಇಡುವುದು ಅವಶ್ಯ. ಅದೇ ಇಂದಿನ ಕ್ಯಾನರಿ ಹಕ್ಕಿ.

ನೀರನ್ನು ಒಡಲಲ್ಲಿಟ್ಟ ಹಲಗೆ

ಮೂರನೆಯದು ಬೆಂಕಿ. ಗ್ಯಾರೇಜಿನಲ್ಲಿ ಬೆಂಕಿ ಹತ್ತಿದರೆ ಮನೆಯವರು ಎದ್ದು ಓಡಿಹೋಗಲು ಸಮಯ ಬೇಕು. ಆ ಸಮಯವನ್ನು ಒದಗಿಸುವುದೇ ಜಿಪ್ಸಮ್ ಹಲಗೆ. ಅಮೆರಿಕದ ಬಹುತೇಕ ರಾಜ್ಯಗಳು ಆಧಾರವಾಗಿಟ್ಟುಕೊಂಡಿರುವ ವಾಸಗೃಹ ಸಂಹಿತೆ, ಈ ಗೋಡೆಯ ಗ್ಯಾರೇಜಿನ ಮುಖಕ್ಕೆ ಅರ್ಧ ಅಂಗುಲಕ್ಕೆ ಕಡಿಮೆಯಿಲ್ಲದ ಜಿಪ್ಸಮ್ ಹಲಗೆ ಇರಬೇಕೆನ್ನುತ್ತದೆ. ಮೇಲೆ ವಾಸದ ಕೋಣೆಗಳಿದ್ದರೆ ಗ್ಯಾರೇಜಿನ ಚಾವಣಿಗೆ ಅಂಗುಲದ ಎಂಟರಲ್ಲಿ ಐದು ಭಾಗ ದಪ್ಪದ ವಿಶೇಷ ಹಲಗೆ ಬೇಕು. ಗ್ಯಾರೇಜಿನಿಂದ ಮಲಗುವ ಕೋಣೆಗೆ ನೇರವಾಗಿ ಬಾಗಿಲನ್ನು ಇಡಕೂಡದು. ಇತರ ಕೋಣೆಗಳಿಗೆ ಇಡುವ ಬಾಗಿಲು ಗಟ್ಟಿಮುಟ್ಟಾದ ತುಂಬುಹಲಗೆಯದಾಗಿರಬೇಕು, ಇಲ್ಲವೆ 20 ನಿಮಿಷ ಬೆಂಕಿಯನ್ನು ತಡೆಯಬಲ್ಲದಾಗಿರಬೇಕು.

ಸುಣ್ಣದಂತೆ ಬಿಳಿಯಾದ ಈ ಸಾಧಾರಣ ಹಲಗೆಯಲ್ಲಿ ಅಂಥದ್ದೇನಿದೆ? ಜಿಪ್ಸಮ್ ಎಂದರೆ ಸ್ಫಟಿಕಜಲವುಳ್ಳ ಕ್ಯಾಲ್ಸಿಯಂ ಸಲ್ಫೇಟು. ಅದರ ಒಂದೊಂದು ಅಣುವಿನೊಡನೆ ಎರಡೆರಡು ನೀರಿನ ಅಣುಗಳು ಸೇರಿವೆ. ತೂಕದಲ್ಲಿ ನೂರಕ್ಕೆ ಸುಮಾರು 21 ಭಾಗ ನೀರೇ. ಮುಟ್ಟಿದರೆ ಒಣಗಿದಂತಿರುವ ಅರ್ಧ ಅಂಗುಲದ ಹಲಗೆಯ ಒಂದು ಚದರ ಮೀಟರಿನಲ್ಲಿ ಒಂದು ಕಿಲೋಗ್ರಾಮಿಗೂ ಹೆಚ್ಚು ನೀರು ಅಡಗಿರುತ್ತದೆ. ಬೆಂಕಿ ತಗಲಿದಾಗ ಈ ನೀರು ಬಿಡುಗಡೆಯಾಗಿ ಆವಿಯಾಗುತ್ತದೆ. ನೀರನ್ನು ಆವಿಮಾಡಲು ಬೇಕಾದ ಶಾಖ, ಅದನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಕಾಯಿಸಲು ಬೇಕಾದ ಶಾಖದ ಐದು ಪಟ್ಟಿಗೂ ಹೆಚ್ಚು. ಈ ಶಾಖವನ್ನೆಲ್ಲ ಬೆಂಕಿಯೇ ತೆರಬೇಕು. ನೀರು ತೀರುವ ತನಕ ಹಲಗೆಯ ಹಿಂಬದಿ ನೂರು ಡಿಗ್ರಿಯ ಆಸುಪಾಸನ್ನು ದಾಟಲಾರದು. ಹಿಂದಿರುವ ಮರ ಹೊತ್ತಿಕೊಳ್ಳುವುದಿಲ್ಲ. ಗಣಿಯಿಂದ ತೆಗೆದ ಒಂದು ಖನಿಜ ಹೀಗೆ ತನ್ನ ನೀರನ್ನು ವ್ಯಯಮಾಡಿ ಮನುಷ್ಯರಿಗೆ ನಿಮಿಷಗಳನ್ನು ಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ಲಾಸ್ಟಿಕ್ ನೊರೆಯ ಹಲಗೆಗಳು ಶಾಖವನ್ನು ಚೆನ್ನಾಗಿ ತಡೆಯುತ್ತವೆ, ಗಾಳಿಯನ್ನೂ ತಡೆಯುತ್ತವೆ. ಆದರೆ ಹೊತ್ತಿಕೊಂಡರೆ ದಟ್ಟವಾದ ಹೊಗೆಯೊಡನೆ ಉರಿಯುತ್ತವೆ. ಅವನ್ನು ಬಳಸಿದಾಗ ಮೇಲೆ ಜಿಪ್ಸಮ್ ಹಲಗೆಯನ್ನು ಮುಚ್ಚಲೇಬೇಕು. ಉಣ್ಣೆಗೆ ಅಂಟಿಸಿದ ಡಾಂಬರಿನ ಕಾಗದವನ್ನೂ ಬರಿದಾಗಿ ಬಿಡಬಾರದು. ವಿದ್ಯುತ್ತಿನಿಂದ ಓಡುವ ಕಾರುಗಳು ಮಾನಾಕ್ಸೈಡಿನ ಭಯವನ್ನು ನೀಗಿಸಿವೆಯೆಂಬುದು ನಿಜ. ಆದರೆ ಅವುಗಳ ಬ್ಯಾಟರಿಗೂ ಬೆಂಕಿ ಹತ್ತುವುದುಂಟಾದುದರಿಂದ ಹಲಗೆಯ ಕೆಲಸ ಮುಗಿದಿಲ್ಲ.

ಕೆಲಸದ ಕ್ರಮ

ಇದುವರೆಗೆ ಹೇಳಿದ್ದನ್ನು ಕೂಡಿಸಿ ನೋಡಿದರೆ ಒಂದು ಕ್ರಮ ಏರ್ಪಡುತ್ತದೆ. ಮೊದಲು ಸಂದುಗಳನ್ನು ಮುಚ್ಚಬೇಕು. ಅನಂತರ ಉಣ್ಣೆಯನ್ನು ಅದುಮದೆ, ಎಲ್ಲಿಯೂ ಎಡೆಯುಳಿಯದಂತೆ ತುಂಬಬೇಕು. ಆವಿ ತಡೆಯುವ ಹಾಳೆ ನಾಡಿನ ಹವೆಗೆ ತಕ್ಕ ಮುಖದಲ್ಲಿರಬೇಕು. ಕೊನೆಗೆ ಜಿಪ್ಸಮ್ ಹಲಗೆಯನ್ನು ಹೊಡೆದು ಅದರ ಕೂಡುಗೆರೆಗಳನ್ನು ಪಟ್ಟಿ ಹಾಗೂ ಗಾರೆಯಿಂದ ಮುಚ್ಚಬೇಕು. ಗೋಡೆಗೆ ಒಮ್ಮೆ ಹಲಗೆ ಹೊಡೆದರೆ ಒಳಗಿನ ಲೋಪ ಯಾರ ಕಣ್ಣಿಗೂ ಬೀಳದು. ಆದುದರಿಂದ ಈ ಕ್ರಮವನ್ನು ತಪ್ಪಿಸಕೂಡದು.

ಓದಿಗೆಂದೋ ಉದ್ಯೋಗಕ್ಕೆಂದೋ ಆ ಚಳಿಯ ನಾಡುಗಳಿಗೆ ಹೋಗಿ ಇಂತಹ ಮನೆಗಳಲ್ಲಿ ನೆಲಸಿರುವ ಕನ್ನಡಿಗರು ಇಂದು ಅನೇಕರಿದ್ದಾರೆ. ಮುಂದೆ ಹೋಗಲಿರುವವರು ಈ ಲೇಖನದ ಓದುಗರಲ್ಲಿಯೂ ಇರಬಹುದು. ಮನೆಯನ್ನು ಕೊಳ್ಳುವಾಗ ಅವರು ಉಣ್ಣೆಯ ದಪ್ಪವನ್ನು ವಿಚಾರಿಸುವುದು ಸಹಜ, ಏಕೆಂದರೆ ಅದರ ಫಲ ತಿಂಗಳ ಬಿಲ್ಲಿನಲ್ಲಿ ಕಾಣುತ್ತದೆ. ಸಂದು ಮುಚ್ಚಿದ ಅಂಟಿನ ಫಲ ಯಾವ ಬಿಲ್ಲಿನಲ್ಲಿಯೂ ಎದ್ದು ಕಾಣುವುದಿಲ್ಲ. ಮೂರು ವಸ್ತುಗಳಲ್ಲಿ ಅದೇ ಅಗ್ಗದ್ದು. ಹಲಗೆಯ ಹಿಂದೆ ಮರೆಯಾಗುವಂಥದೂ ಅದೇ. ಹಾಗಿದ್ದರೂ, ಉಣ್ಣೆ ಕಡಿಮೆಯಾದರೆ ಹಣ ಸೋರುತ್ತದೆ. ಅಂಟು ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಆದಕಾರಣ ಅಂತಹ ಮನೆಯನ್ನು ನೋಡಹೋದವರು ಮೊದಲು ಬಾಗಿಲಿನ ಅಂಚನ್ನೂ, ಗೋಡೆಯ ಅಡಿಯನ್ನೂ, ಕೊಳವೆಗಳು ದಾಟುವ ಜಾಗವನ್ನೂ ಪರೀಕ್ಷಿಸಿ, ಅನಂತರ ಉಣ್ಣೆಯ ಮಾತೆತ್ತುವುದು ವಿವೇಕ.